ಎನ್‌ಐಎನ್ ತಟ್ಟೆ ಚಾರ್ಟ್: ನಮ್ಮ ಕಡೆಯ ಆರರಿಂದ ಎಂಟನೇ ತರಗತಿಗೆ ಹೊಂದುತ್ತದೆಯೇ?

ಒಂದು ದಿನಕ್ಕೆ ಯಾವ ಆಹಾರ ಎಷ್ಟು ಬೇಕೆಂದು ತೋರಿಸುವ, ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆಯ (ಎನ್‌ಐಎನ್) ‘ಮೈ ಪ್ಲೇಟ್ ಫಾರ್ ದ ಡೇ’ ಚಾರ್ಟ್ ಒಳ್ಳೆಯದೇ. ಆದರೆ ವಿಜಯಪುರ ಜಿಲ್ಲೆಯ ಶಾಲೆಗಳಲ್ಲಿ ಬಳಸುವವರು ಅದನ್ನು ಮೊದಲ ದಿನವೇ ಗೋಡೆಗೆ ಹಚ್ಚಬಾರದು. ಹಚ್ಚಿದರೆ ಮಕ್ಕಳು ತಾವು ತಿಂದದ್ದನ್ನು ಬಿಟ್ಟು ಚಾರ್ಟಿನಲ್ಲಿ ಇದ್ದದ್ದನ್ನು ಬರೆಯುತ್ತಾರೆ.

ಮೊದಲು ಮಕ್ಕಳಿಂದ ಮೂರು ದಿನ ತಿಂದದ್ದರ ಪಟ್ಟಿ ಬರೆಸಿ. ಬಿಸಿಯೂಟ ಇಲ್ಲದ ಭಾನುವಾರ ಅದರಲ್ಲಿ ಇರಲೇಬೇಕು. ‘ಏನು ಊಟ ಮಾಡಿದಿ?’ ಎಂದರೆ ರೊಟ್ಟಿ, ಪಲ್ಯ ಎಂಬ ಉತ್ತರವಷ್ಟೇ ಬರುತ್ತದೆ. ಚಹಾ, ಖಾರಿ, ಸಂಜೆಯ ಚುರುಮುರಿ-ಮಿರ್ಚಿ, ಐದು ರೂಪಾಯಿಯ ಕುರುಕಲು ಪಾಕೀಟು ಅವರ ಪಾಲಿಗೆ ಊಟವೇ ಅಲ್ಲ. ‘ಎದ್ದ ಮೇಲೆ ಮೊದಲು ಬಾಯಿಗೆ ಏನು ಹಾಕಿಕೊಂಡಿ? ಆಮೇಲೆ?’ ಎಂದು ಹೊತ್ತು ಹಿಡಿದು ಕೇಳಿ. ಚೀಟಿಯ ಮೇಲೆ ಹೆಸರು ಬೇಡ. ತತ್ತಿ ತಿನ್ನುವವರು, ತಿನ್ನದವರು, ರಾತ್ರಿ ಬರೀ ಹಿಂಡಿ (ಚಟ್ನಿಪುಡಿ), ರೊಟ್ಟಿ ಉಂಡವರು ಒಂದೇ ಬೆಂಚಿನಲ್ಲಿ ಕೂತಿರುತ್ತಾರೆ.

ಚಾರ್ಟಿನ ಲೆಕ್ಕ 2000 ಕಿಲೋಕ್ಯಾಲರಿಗೆ: ಧಾನ್ಯ 250 ಗ್ರಾಂ, ಬೇಳೆಕಾಳು 85, ತರಕಾರಿ-ಸೊಪ್ಪು 400, ಹಣ್ಣು 100, ಶೇಂಗಾ-ಎಳ್ಳಿನಂಥವು 35, ಎಣ್ಣೆ 27, ಹಾಲು-ಮೊಸರು 300 ಮಿ.ಲೀ. ತೊಡಕು ಇಲ್ಲೇ ಶುರು. ಇವು ಹಸಿ ತೂಕ. ಬೆಂದ ಅನ್ನವನ್ನು ತೂಗಿ ‘250 ಆಯ್ತು ಸರ್’ ಎನ್ನುವ ಹುಡುಗ ನಿಜಕ್ಕೂ ತಿಂದ ಅಕ್ಕಿ ಅದರ ಮೂರರಲ್ಲೊಂದು ಪಾಲಿನಷ್ಟು. ರೊಟ್ಟಿಗಾದರೆ ನಾದುವ ಮೊದಲೇ ಹಿಟ್ಟು ತೂಗಿಸಿ. ರೊಟ್ಟಿಯ ಗಾತ್ರ ಮನೆಗೊಂದು. ಚಹಾದ ಹಾಲನ್ನು ಒಂದು ಲೋಟ ಹಾಲೆಂದು ಎಣಿಸುವುದೂ ಸಾಮಾನ್ಯ.

ಇನ್ನೊಂದು ಕೊರತೆ: ಇದು ದೊಡ್ಡವರ ಅಳತೆ. 10-12ರ ಹುಡುಗಿಗೆ ದಿನಕ್ಕೆ 2060, ಹುಡುಗನಿಗೆ 2220 ಕಿಲೋಕ್ಯಾಲರಿ. 13 ದಾಟಿದರೆ ಇನ್ನೂ ಹೆಚ್ಚು. ಹಾಗಾಗಿ ಗ್ರಾಂ ಹಿಡಿದು ಜಗ್ಗದೆ ಪಾಲು ನೋಡಿ.

ಪಾಠ ಹತ್ತುವುದು ಬಿಸಿಯೂಟದೊಂದಿಗೆ ಹೋಲಿಸಿದಾಗ. ಈ ತರಗತಿಗಳಿಗೆ ಧಾನ್ಯ 150 ಗ್ರಾಂ, ಬೇಳೆ 30, ತರಕಾರಿ 75 ನಿಗದಿ. ಚಾರ್ಟಿನ ಧಾನ್ಯದ ಅರ್ಧಕ್ಕಿಂತ ಹೆಚ್ಚು ಶಾಲೆಯಲ್ಲೇ ಸಿಕ್ಕಿತು. ತರಕಾರಿಯ ಐದರಲ್ಲೊಂದೂ ಸಿಗಲಿಲ್ಲ. ಉಳಿದದ್ದು ಹಕ್ಕರಕಿ ಸೊಪ್ಪು, ಮೆಂತೆ, ಸೌತಿಕಾಯಿ, ಪುಂಡಿ ಪಲ್ಯದಿಂದ ಬರಬೇಕು. ಶೇಂಗಾ ಹಿಂಡಿ, ಅಗಸಿ ಹಿಂಡಿಯನ್ನು ಮಕ್ಕಳು ಬರೀ ಖಾರವೆಂದು ಪಟ್ಟಿಯಲ್ಲಿ ಬಿಡುತ್ತಾರೆ; 35ರ ಲೆಕ್ಕಕ್ಕೆ ಅವೇ ಆಧಾರ. ಸೊಪ್ಪಿನ ಮೇಲೆ ಲಿಂಬಿ ಹಿಂಡಿದರೆ ಕಬ್ಬಿಣಾಂಶ ಮೈಗೆ ಹೆಚ್ಚು ಹತ್ತುತ್ತದೆ, ಊಟದ ಜತೆ ಚಹಾ ಕುಡಿದರೆ ಕಡಿಮೆ.

ಪಾಕೀಟಿಗೆ ಈ ತಟ್ಟೆಯಲ್ಲಿ ಜಾಗವಿಲ್ಲ. ಖಾಲಿ ಪಾಕೀಟು ತರಿಸಿ, ಸೋಡಿಯಂ ಓದಿಸಿ. 100 ಗ್ರಾಂಗೆ 800 ಮಿ.ಗ್ರಾಂ ಎಂದಿದ್ದರೆ 30 ಗ್ರಾಂ ಪಾಕೀಟಿಗೆ 240; ಸೋಡಿಯಂ ಅನ್ನು ಉಪ್ಪಿನ ಲೆಕ್ಕಕ್ಕೆ ತರಲು ಎರಡೂವರೆಯಿಂದ ಗುಣಿಸಿದರೆ ಉಪ್ಪು 0.6 ಗ್ರಾಂ. ಉಪ್ಪಿನ ದಿನದ ಮಿತಿ 5 ಗ್ರಾಂ. ಆರನೆಯವರಿಗೆ ಈ ಗುಣಾಕಾರ ತುಸು ಕಷ್ಟ, ಏಳು-ಎಂಟನೆಯವರಿಗೆ ಕೊಡಿ.