ಪೈಪು, ಮಡಕೆ, ಗ್ಯಾಸು: ಆಟಿಯ ಮಳೆಯಲ್ಲಿ ನಿಂತದ್ದು ಯಾವುದು?

2019ರ ಆಗಸ್ಟಿನ ಮಳೆಗೆ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜಾರಿ ಮಂದಾರದ ಮನೆ, ತೋಟಗಳ ಮೇಲೆ ಬಂತಲ್ಲ, ಅದನ್ನು ಹೋಗಿ ನೋಡಿ ಬಂದವಳು ನಾನು. ಆ ರಾಶಿಯಲ್ಲಿ ನಮ್ಮ ಮನೆಯ ಚೀಲವೂ ಇದ್ದೀತು ಎಂಬ ಯೋಚನೆ ಆಮೇಲೆ ಬಿಡಲೇ ಇಲ್ಲ. ಹಸಿಕಸ ಇನ್ನು ನಮ್ಮ ಗೇಟು ದಾಟಬಾರದು ಎಂದುಕೊಂಡೆ. ಕುಲಶೇಖರದ ನಮ್ಮ ಮನೆಯಲ್ಲಿ ಐದು ಜನ, ದಿನಕ್ಕೆ ಸುಮಾರು ಒಂದೂವರೆ ಕಿಲೋ ಹಸಿಕಸ. ಅದನ್ನು ಮನೆಯಲ್ಲೇ ಮುಗಿಸಲಿಕ್ಕೆ ಪೈಪು, ಮಡಕೆ, ಬಯೋಗ್ಯಾಸ್ ಎಂಬ ಮೂರು ವಿಧಾನಗಳನ್ನೂ ಒಂದೊಂದಾಗಿ ಮಾಡಿ ನೋಡಿದ್ದೇವೆ.

ಮೊದಲು ಪೈಪ್ ಕಾಂಪೋಸ್ಟ್, ಅಂದರೆ ಕಸವನ್ನು ಪೈಪಿನೊಳಗೇ ಕೊಳೆಸಿ ಗೊಬ್ಬರ ಮಾಡುವುದು. ಎಂಟು ಇಂಚಿನ ಎರಡು ಪಿವಿಸಿ ಪೈಪು, ಒಂದಡಿ ನೆಲದೊಳಗೆ, ಮೇಲೆ ಮುಚ್ಚಳ. ಒಂದು ತುಂಬಿದ ಮೇಲೆ ಇನ್ನೊಂದು. ಖರ್ಚು ಕಡಿಮೆ, ಕೆಲಸವೂ ಕಡಿಮೆ. ಜನವರಿಯಿಂದ ಮೇವರೆಗೆ ಚೆನ್ನಾಗಿಯೇ ಇತ್ತು. ಆದರೆ ಇದು ವರ್ಷಕ್ಕೆ 3500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಊರು. ಜುಲೈಯಲ್ಲಿ ಪೈಪಿನ ಬುಡಕ್ಕೆ ನೀರು ಸೇರಿ ಒಳಗಿನದ್ದೆಲ್ಲ ಕಪ್ಪು ರಾಡಿಯಾಯಿತು. ಬಂಗುಡೆಯ ತಲೆ ಹಾಕಿದ ದಿನ ಹೆಗ್ಗಣ ಬುಡವನ್ನೇ ಕೆದರಿತು. ವಾಸನೆಯನ್ನಾದರೂ ಸಹಿಸಬಹುದಿತ್ತು, ನನಗೆ ಹೆದರಿಕೆಯಾದದ್ದು ಬಾವಿಯದ್ದು. ಮುರಕಲ್ಲಿನ ನೆಲ ಜರಡಿಯ ಹಾಗೆ ನೀರು ಇಳಿಸುತ್ತದೆ, ನಮ್ಮ ಪೈಪು ಇದ್ದದ್ದು ಬಾವಿಕಟ್ಟೆಯಿಂದ ಎಂಟು ಹೆಜ್ಜೆಯಲ್ಲಿ. ಆ ವಾರವೇ ಕಿತ್ತೆವು. ಬಾವಿ ಇರುವ ಹಿತ್ತಿಲಿಗೆ ಇದನ್ನು ನಾನು ಯಾರಿಗೂ ಹೇಳುವುದಿಲ್ಲ.

ಮಡಕೆಗಳದ್ದು ಬೇರೆ ಕಥೆ. ಒಂದರ ಮೇಲೊಂದು ಕೂರುವ ಮೂರು ಮಣ್ಣಿನ ಮಡಕೆ, ಬದಿಗೆ ಗಾಳಿಯ ತೂತು. ಒಂದು ಪಾಲು ಕಸಕ್ಕೆ ಅಷ್ಟೇ ಪ್ರಮಾಣದ ತರಗೆಲೆ ಅಥವಾ ತೆಂಗಿನ ನಾರಿನ ಪುಡಿ ಹಾಕಿದರೆ ವಾಸನೆ ಇಲ್ಲ. ಮಳೆಗಾಲದಲ್ಲಿ ಒಣ ತರಗೆಲೆ ಎಲ್ಲಿಂದ ತರುವುದು? ಹಲಸು, ಮಾವಿನ ಎಲೆ ಉದುರುವ ಬೇಸಿಗೆಯಲ್ಲೇ ಗೋಣಿಯಲ್ಲಿ ತುಂಬಿಸಿಡಬೇಕು. ಇದು ತಿಳಿಯಲಿಕ್ಕೆ ನನಗೆ ಒಂದು ಮಳೆಗಾಲ ಬೇಕಾಯಿತು. ದಪ್ಪ ಹುಳಗಳನ್ನು ಕಂಡು ಮೊದಲು ಗಾಬರಿಯಾಗಿತ್ತು. ಅವು ಕಪ್ಪು ಸೈನಿಕ ನೊಣದ ಮರಿಗಳು, ಕಸವನ್ನು ಬೇಗ ತಿಂದು ಮುಗಿಸುವ ಉಪಕಾರಿಗಳು. ಆದರೆ ಐದು ಜನರ ಕಸಕ್ಕೆ ಒಂದು ಜೋಡಣೆ ಸಾಲದು, ಮೀನೂ ಆಗದು. ಹಾಗಾಗಿ ಮಡಕೆಗಳನ್ನು ಬಿಜೈಯ ಫ್ಲ್ಯಾಟಿನಲ್ಲಿರುವ ಅಕ್ಕನಿಗೆ ಕೊಟ್ಟೆ. ಅವರು ಮನೆಯಲ್ಲಿ ಇಬ್ಬರೇ, ಸಸ್ಯಾಹಾರಿಗಳು, ಬಾಲ್ಕನಿಗೆ ಇರಚಲು ಹೊಡೆಯುವುದಿಲ್ಲ. ಅಲ್ಲಿ ಅದು ಇವತ್ತಿಗೂ ಸೊಗಸಾಗಿ ನಡೆಯುತ್ತಾ ಉಂಟು.

ಮೂರನೆಯದು ಒಂದು ಸಾವಿರ ಲೀಟರಿನ ಬಯೋಗ್ಯಾಸ್ ಟ್ಯಾಂಕು. ಸೆಗಣಿಯ ಬದಲು ಅಡುಗೆಮನೆಯ ಪಿಷ್ಟವನ್ನೇ ಉಣಿಸುವ ಇಂಥ ಸಣ್ಣ ಘಟಕವನ್ನು ಪುಣೆಯ ಆರ್ತಿ ಸಂಸ್ಥೆಯಲ್ಲಿ ಆನಂದ ಕರ್ವೆ ರೂಪಿಸಿದರು, ಅದಕ್ಕೆ 2006ರಲ್ಲಿ ಆಶ್‌ಡೆನ್ ಪ್ರಶಸ್ತಿಯೂ ಬಂತು. ಮೂರರಲ್ಲಿ ದುಬಾರಿ ಇದೇ. ಶುರುವಿಗೆ ಸೆಗಣಿ ಕಲಸಿ ಹಾಕಿ ಮೂರು ವಾರ ಕಾದೆವು. ಮೊದಲು ಬಂದ ಗ್ಯಾಸಿಗೆ ಬೆಂಕಿಯೇ ಹತ್ತಲಿಲ್ಲ, ಅದರಲ್ಲಿ ಇಂಗಾಲದ ಡೈಆಕ್ಸೈಡೇ ಹೆಚ್ಚು. ಅದನ್ನು ಹೊರಗೆ ಬಿಟ್ಟ ಮೇಲೆ ನೀಲಿ ಜ್ವಾಲೆ ಬಂತು.

ಇದಕ್ಕೆ ಅತ್ಯಂತ ಪ್ರಿಯವಾದದ್ದು ಗಂಜಿ ತಿಳಿ! ಕುಚ್ಚಲಕ್ಕಿ ಬೇಯಿಸುವ ಮನೆಯಲ್ಲಿ ಅದಕ್ಕೇನು ಕೊರತೆ? ದೋಸೆಹಿಟ್ಟಿನ ಪಾತ್ರೆ ತೊಳೆದ ನೀರು, ಉಳಿದ ಅನ್ನ, ಕೊಚ್ಚಿದ ಬಾಳೆದಿಂಡಿನ ಚೂರು, ಮೀನಿನ ತಲೆ ಕೂಡ ಸ್ವಲ್ಪ, ಎಲ್ಲವೂ ಹೋಗುತ್ತದೆ. ದಿನಕ್ಕೆ ಮೂವತ್ತೈದು ನಿಮಿಷ ಒಲೆ ಉರಿಯುತ್ತದೆ, ಬಿಸಿಲಿಲ್ಲದ ಆಟಿಯಲ್ಲಿ, ಅಂದರೆ ಜುಲೈ-ಆಗಸ್ಟಿನ ತುಳು ತಿಂಗಳಲ್ಲಿ, ಇಪ್ಪತ್ತೈದು. ಮೂವತ್ತೈದು ದಿನಕ್ಕೆ ಮುಗಿಯುತ್ತಿದ್ದ ಸಿಲಿಂಡರ್ ಈಗ ನಲವತ್ತೈದು ದಿನ ಬರುತ್ತದೆ. ಹೊರಬರುವ ರಾಡಿಯನ್ನು ನೀರು ಬೆರೆಸಿ ಬಸಳೆಗೆ ಹಾಕುತ್ತೇವೆ. ಅಮ್ಮ ಚಪ್ಪರವನ್ನು ಎರಡು ಸಲ ದೊಡ್ಡದು ಮಾಡಿಸಿದರು.

ತೊಂದರೆಗಳೂ ಉಂಟು. ಒಮ್ಮೆ ಉಪ್ಪಿನಕಾಯಿಗೆ ಹಿಂಡಿದ ನಿಂಬೆ ಸಿಪ್ಪೆಯನ್ನೆಲ್ಲ ತಿಳಿಯದೆ ಹಾಕಿ, ಹುಳಿಯಾಗಿ ಹತ್ತು ದಿನ ಗ್ಯಾಸೇ ಇಲ್ಲ. ಟ್ಯಾಂಕಿನ ಮೇಲೆ ಕವುಚಿದ, ಗ್ಯಾಸು ತುಂಬುವ ಡ್ರಮ್ಮಿನ ಸುತ್ತ ನಿಲ್ಲುವ ನೀರಿನಲ್ಲಿ ಸೊಳ್ಳೆ ಬಂತು. ಮಲೇರಿಯಾ ಕಂಡ ಊರಿದು, ಸುಮ್ಮನಿರಲಾಗದು. ವಾರಕ್ಕೊಮ್ಮೆ ಒಂದು ಚಮಚ ಎಣ್ಣೆ ಬಿಡುತ್ತೇವೆ. ಊರಿಗೆ ಹೋಗುವುದಿದ್ದರೆ ನಾಲ್ಕು ದಿನ ಮೊದಲೇ ಉಣಿಸುವುದು ನಿಲ್ಲಿಸಿ, ಇದ್ದದ್ದನ್ನು ಉರಿಸಿ ಹೋಗುತ್ತೇವೆ. ಯಾಕೆಂದರೆ ಇದು ಮೀಥೇನ್. ಸುಡದೆ ಬಿಟ್ಟರೆ ನೂರು ವರ್ಷದ ಲೆಕ್ಕದಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಬಿಸಿ ಹಿಡಿಯುವ ಗಾಳಿ. ಕಸದ ಗುಡ್ಡದೊಳಗೆ ಗಾಳಿಯಾಡದೆ ಕೊಳೆಯುವ ಅನ್ನದಿಂದ ಏಳುವುದೂ ಇದೇ. ಅದನ್ನು ನಮ್ಮ ಒಲೆಯಲ್ಲೇ ಉರಿಸುತ್ತೇವೆಂಬ ಸಮಾಧಾನ ನನಗೆ ಸಿಲಿಂಡರಿನ ಉಳಿತಾಯಕ್ಕಿಂತ ದೊಡ್ಡದು.

ಹಿತ್ತಿಲು, ನಾಲ್ಕು ಜನ, ದಿನಾ ಗಂಜಿ ಇದ್ದರೆ ಬಯೋಗ್ಯಾಸೇ ಸರಿ. ಫ್ಲ್ಯಾಟಿಗೆ ಮಡಕೆ. ಆದರೂ ನಿಂಬೆ ಸಿಪ್ಪೆ, ನೀರುಳ್ಳಿ ಸಿಪ್ಪೆಗೆಂದು ಅಕ್ಕನಿಂದ ಒಂದು ಮಡಕೆ ವಾಪಸು ತಂದು, ಬಾವಿಯಿಂದ ದೂರ, ಸೌದೆ ಕೊಟ್ಟಿಗೆಯ ಮಾಡಿನಡಿ ಇಟ್ಟಿದ್ದೇನೆ. ತರಗೆಲೆ ಎರಡು ಗೋಣಿ ಆಗಿದೆ. ಮಳೆ ಹಿಡಿಯುವ ಮೊದಲು ಇನ್ನೂ ಮೂರು ತುಂಬಿಸಬೇಕು.