ಹೈಡ್ರೋಜನ್‌ಗೆ ಒಂದೇ ಕೈ: ರಸಾಯನದ ಬಿಲ್ಲೆ ಆಟಗಳನ್ನು ಆಡಿ ನೋಡಿದ್ದು

ಫೋನಿನ ಪರದೆ ತುಂಬ ಬಣ್ಣದ ಬುಡ್ಡಿಗಳು. ಮೂರು ಹಸಿರು ಬುಡ್ಡಿ ಒಂದೇ ಸಾಲಿಗೆ ಬಂದರೆ ಟಪ್ ಅಂತ ಮಾಯ, ಮೇಲಿಂದ ಇನ್ನೊಂದಿಷ್ಟು ಉದುರುತ್ತವೆ. ಮೂಲೆಯಲ್ಲೊಬ್ಬ ಬಿಳಿಗೂದಲಿನ ವಿಜ್ಞಾನಿ ಚಪ್ಪಾಳೆ ತಟ್ಟುತ್ತಾನೆ. ನಾಲ್ಕು ಹಂತಕ್ಕೊಂದು ಜಾಹೀರಾತು. ಮೈಸೂರಿನಲ್ಲಿ ರೈಲು ಹತ್ತಿದಾಗ ಶುರು ಮಾಡಿದ ಆಟ, ಮದ್ದೂರು ವಡೆ ಬರುವಷ್ಟರಲ್ಲಿ ಸಾಕಾಯಿತು. ಬುಡ್ಡಿ ತೆಗೆದು ಅಲ್ಲಿ ಮಾವಿನಹಣ್ಣು ಇಟ್ಟರೂ ಆಟದಲ್ಲಿ ಏನೂ ಬದಲಾಗುವುದಿಲ್ಲ. ರಸಾಯನ ಅನ್ನೋದು ಅಲ್ಲಿ ಗೋಡೆಗೆ ಹೊಡೆದ ಸುಣ್ಣ ಅಷ್ಟೇ.

ಆಮೇಲೆ ಹಠ ಹುಟ್ಟಿತು. ಬಿಲ್ಲೆ ಜೋಡಿಸುವ ಆಟಗಳಲ್ಲಿ ರಸಾಯನ ನಿಜವಾಗಿ ಒಳಗೆ ಇರುವಂಥದ್ದು ಯಾವುದಾದರೂ ಇದೆಯಾ? ನಾನು ಪಿಯುಸಿಯಲ್ಲಿ ಕೆಮಿಸ್ಟ್ರಿಯನ್ನು ಹೇಗೋ ದಾಟಿ ಬಂದವನು, ಆ ಹಳೇ ಲೆಕ್ಕ ಬೇರೆ ಬಾಕಿ ಇತ್ತು. ಮಗಳು ಈಗ ಹತ್ತನೇ ಕ್ಲಾಸು, ಕಾರ್ಬನ್ ಪಾಠ ನಡೆಯುತ್ತಿದೆ. ಇಬ್ಬರೂ ಸೇರಿ ಎರಡು ತಿಂಗಳು ಆಡಿದೆವು.

ಮೊದಲು ಕೈಗೆ ಸಿಕ್ಕಿದ್ದು 2048ರ ಮೂಲವಸ್ತು ರೂಪ. ಗೇಬ್ರಿಯೆಲೆ ಚಿರುಲ್ಲಿ ಎಂಬ ಇಟಲಿಯ ಹುಡುಗ 2014ರ ಮಾರ್ಚ್‌ನಲ್ಲಿ, ಒಂದೇ ಅಂಕಿಯ ಎರಡೆರಡು ಬಿಲ್ಲೆ ಜಾರಿಸಿ ಸೇರಿಸುವ ಈ 2048 ಆಟ ಮಾಡಿ ಅದರ ಕೋಡನ್ನೂ ಎಲ್ಲರಿಗೂ ಬಿಟ್ಟುಕೊಟ್ಟ. ಅದಕ್ಕೇ ಅದರ ಮರಿಗಳು ಊರಿಗೆಲ್ಲ. ನಾನು ಆಡಿದ್ದರಲ್ಲಿ ಎರಡು ಹೈಡ್ರೋಜನ್ ಸೇರಿದರೆ ಹೀಲಿಯಂ, ಎರಡು ಹೀಲಿಯಂ ಸೇರಿದರೆ ಲಿಥಿಯಂ, ಹೀಗೆ ಆವರ್ತ ಕೋಷ್ಟಕದ ಮೆಟ್ಟಿಲು ಹತ್ತಬೇಕು. "ಅಪ್ಪಾ, ಹೀಲಿಯಂ ನಂಬರ್ ಎರಡು. ಎರಡೂ ಎರಡೂ ನಾಲ್ಕಲ್ವಾ? ಲಿಥಿಯಂ ಮೂರು" ಅಂದಳು ಮಗಳು. ಸರಿಯೇ. ನಾಲ್ಕು ಅಂದರೆ ಬೆರಿಲಿಯಂ. ಆಮೇಲೆ ಆ ಆಟ ತೆರೆಯಲಿಲ್ಲ. ಸರಣಿಯನ್ನು ಬಾಯಿಪಾಠ ಮಾಡಬೇಕಿದ್ದರೆ ಒಂದು ವಾರಕ್ಕೆ ಸಾಕು.

ಹುಡುಕುತ್ತಾ ಹೋದಾಗ ಉಳಿದದ್ದು ಮೂರು.

ಒಂದು ಕೆ-ಅಟಾಮಿಕ್. ಕಂಪ್ಯೂಟರಿನಲ್ಲಿ ವಿಂಡೋಸ್ ಬದಲು ಲಿನಕ್ಸ್ ಬಳಸುವವರಿಗೆ ಕೆಡಿಇ ಎಂಬ ತಂತ್ರಾಂಶ ಬಳಗದ ಆಟಗಳ ಜೊತೆ ಪುಕ್ಕಟೆ ಸಿಗುತ್ತದೆ. ಇದರ ಮೂಲ ಅಟಾಮಿಕ್ಸ್ ಎಂಬ ಜರ್ಮನಿಯ ಆಟ, 1990ರದ್ದು, ಅಮಿಗಾ ಮತ್ತು ಅಟಾರಿ ಎಸ್‌ಟಿ ಎಂಬ ಹಳೇ ಕಂಪ್ಯೂಟರುಗಳ ಕಾಲದ್ದು. ಮನೆಯ ಹಳೇ ಲ್ಯಾಪ್‌ಟಾಪಿನಲ್ಲಿ ಬೇರೇನೂ ಓಡದಿದ್ದರೂ ಇದು ಓಡಿತು.

ಪರದೆಯ ಮೇಲೆ ಗೋಡೆಗಳಿರುವ ಒಂದು ಅಂಕಣ, ಅಲ್ಲಲ್ಲಿ ಚೆಲ್ಲಿದ ಪರಮಾಣುಗಳ ಬಿಲ್ಲೆ. ಪಕ್ಕದಲ್ಲಿ ಸಣ್ಣ ಚಿತ್ರ: ಈ ಅಣು ಕಟ್ಟು. ಮೊದಲನೆಯದು ನೀರು. ಮೂರೇ ಬಿಲ್ಲೆ, ಸುಲಭ ಅಂದುಕೊಂಡೆ. ಆದರೆ ಬಿಲ್ಲೆಯನ್ನು ಒಮ್ಮೆ ತಳ್ಳಿದರೆ ಅದು ನಾವು ಹೇಳಿದ ಕಡೆ ನಿಲ್ಲುವುದಿಲ್ಲ. ಗೋಡೆಗೋ ಇನ್ನೊಂದು ಬಿಲ್ಲೆಗೋ ಬಡಿಯುವ ತನಕ ಜಾರುತ್ತಲೇ ಹೋಗುತ್ತದೆ, ಕೇರಂನಲ್ಲಿ ಪೌಡರ್ ಜಾಸ್ತಿಯಾದಾಗ ಕಾಯಿ ಜಾರಿದ ಹಾಗೆ. ಅಂದರೆ ಆಕ್ಸಿಜನ್ ಮಧ್ಯದಲ್ಲಿ ನಿಲ್ಲಬೇಕಿದ್ದರೆ ಮೊದಲು ಅಲ್ಲಿ ತಡೆಗೆ ಇನ್ನೊಬ್ಬರನ್ನು ನಿಲ್ಲಿಸಬೇಕು.

ಇನ್ನೊಂದು ತಮಾಷೆ ನನಗೆ ಮೂರನೇ ದಿನ ಗೊತ್ತಾಯಿತು. ಪ್ರತಿ ಬಿಲ್ಲೆಗೂ ಸಣ್ಣ ಗೆರೆಗಳಿವೆ, ಅವೇ ಬಂಧಗಳು. ಬಿಲ್ಲೆಯನ್ನು ತಿರುಗಿಸಲು ಬರುವುದಿಲ್ಲ. ಬಲಕ್ಕೆ ಗೆರೆ ಇರುವ ಹೈಡ್ರೋಜನ್ ಯಾವತ್ತೂ ಎಡಗಡೆಯೇ ಕೂರಬೇಕು. ಎರಡೂ ಹೈಡ್ರೋಜನ್ನೇ, ಆದರೆ ಒಂದರ ಜಾಗಕ್ಕೆ ಇನ್ನೊಂದು ಆಗದು. ಹತ್ತು ನಿಮಿಷ ಜಾರಿಸಿ ಜಾರಿಸಿ ಕಟ್ಟಿದ ಮೇಲೆ ಗೆರೆ ಗೋಡೆ ಕಡೆ ಮುಖ ಮಾಡಿರುವುದು ಕಂಡಾಗ ಆಗುವ ಸಂಕಟ ಅಷ್ಟಿಷ್ಟಲ್ಲ.

ಎರಡನೇ ಹಂತ ಫಾರ್ಮಿಕ್ ಆಮ್ಲ, ಐದು ಬಿಲ್ಲೆ. ಮಲೆನಾಡಿನ ಚಗಳಿ ಇರುವೆ ಮೈಮೇಲೆ ಬಿದ್ದಾಗ ಉರಿಸುವುದು ಇದೇ ಆಮ್ಲ, ಚಗಳಿ ಚಟ್ನಿಯ ಹುಳಿಯಲ್ಲೂ ಇದೇ. ಮುಂದೆ ಅಸಿಟಿಕ್ ಆಮ್ಲ, ಎಂಟು ಬಿಲ್ಲೆ. ಇನ್ನೂ ಮುಂದೆ ಬ್ಯೂಟೀನ್ ಎರಡು ಸಲ ಬರುತ್ತದೆ, ಒಮ್ಮೆ ಟ್ರಾನ್ಸ್ (ತುದಿಯ ಕಾರ್ಬನ್‌ಗಳು ಎದುರುಬದುರು ಕಡೆ), ಒಮ್ಮೆ ಸಿಸ್ (ಎರಡೂ ಒಂದೇ ಕಡೆ). ಎರಡರಲ್ಲೂ ನಾಲ್ಕು ಕಾರ್ಬನ್, ಎಂಟು ಹೈಡ್ರೋಜನ್. ಲೆಕ್ಕ ಒಂದೇ, ಕೂರುವ ಬಗೆ ಬೇರೆ. ಪಿಯುಸಿಯಲ್ಲಿ ಸುಮ್ನೆ ಉರು ಹೊಡೆದ ವಿಷಯ ಇದು. ಇಲ್ಲಿ ತುದಿಯ ಕಾರ್ಬನ್ನನ್ನು ಮೇಲಿಂದ ಕೆಳಕ್ಕೆ ತರಲು ಒದ್ದಾಡುವಾಗ ಮೊದಲ ಬಾರಿಗೆ ಅರ್ಥವಾಯಿತು: ಮಧ್ಯದ ಜೋಡಿ ಬಂಧ ತಿರುಗುವುದಿಲ್ಲ, ಅದಕ್ಕೇ ಇವೆರಡೂ ಬೇರೆ ಬೇರೆ ವಸ್ತು.

ಕೊರತೆಯೂ ಇದೆ. ಇಲ್ಲಿನ ನೀರು ಅಳತೆಪಟ್ಟಿಯ ಹಾಗೆ ನೇರ. ನಿಜದ ನೀರಿನ ಅಣು 104.5 ಡಿಗ್ರಿಗೆ ಬಾಗಿದೆ, ಅದು ಬಾಗಿರುವುದರಿಂದಲೇ ಉಪ್ಪು ಅದರಲ್ಲಿ ಅಷ್ಟು ಸಲೀಸಾಗಿ ಕರಗುವುದು. ಚೌಕದ ಅಂಕಣದಲ್ಲಿ ಅದನ್ನೆಲ್ಲ ಕೇಳಲಾಗದು ಬಿಡಿ. ಕಷ್ಟದ ವಿಷಯಕ್ಕೆ ಬಂದರೆ, ಈ ಬಗೆಯ ಒಗಟು ಕಂಪ್ಯೂಟರಿಗೂ ಕಬ್ಬಿಣದ ಕಡಲೆ ಎಂದು 2004ರಲ್ಲಿ ಗಣಿತದಿಂದಲೇ ಸಾಬೀತು ಮಾಡಿದ್ದಾರೆ. ಗ್ಲಿಸರಿನ್ ಹಂತದಲ್ಲಿ ಸಿಕ್ಕಿಬಿದ್ದಾಗೆಲ್ಲ ಮಗಳ ಮುಂದೆ ಈ ಮಾತನ್ನೇ ಹೇಳಿ ಮಾನ ಉಳಿಸಿಕೊಂಡೆ.

ಎರಡನೆಯದು ಸೊಕೊಬಾಂಡ್. 2013ರದ್ದು, ಅಲನ್ ಹೇಜಲ್ಡೆನ್ ಮತ್ತು ಲೀ ಶಾಂಗ್ ಲುನ್ ಮಾಡಿದ್ದು. ಹೆಸರಲ್ಲೇ ಸುಳಿವಿದೆ: ಪೆಟ್ಟಿಗೆ ತಳ್ಳುವ ಜಪಾನಿನ ಹಳೇ ಆಟ ಸೊಕೊಬಾನ್‌ಗೆ ರಾಸಾಯನಿಕ ಬಂಧ ಸೇರಿಸಿದ್ದಾರೆ. ಇದು ದುಡ್ಡು ಕೊಟ್ಟು ಕೊಳ್ಳಬೇಕು.

ಇಲ್ಲಿ ಕಟ್ಟಬೇಕಾದ ಅಣುವಿನ ಚಿತ್ರ ತೋರಿಸುವುದಿಲ್ಲ. ನೀವೇ ಒಂದು ಪರಮಾಣು. ಒಂದೊಂದೇ ಮನೆ ನಡೆಯುತ್ತೀರಿ, ಎದುರಿಗೆ ಸಿಕ್ಕವರನ್ನು ತಳ್ಳುತ್ತೀರಿ. ಪ್ರತಿ ಪರಮಾಣುವಿನ ಸುತ್ತ ಚುಕ್ಕಿಗಳಿವೆ. ಹೈಡ್ರೋಜನ್‌ಗೆ ಒಂದು, ಆಕ್ಸಿಜನ್‌ಗೆ ಎರಡು, ನೈಟ್ರೋಜನ್‌ಗೆ ಮೂರು, ಕಾರ್ಬನ್‌ಗೆ ನಾಲ್ಕು. ನಾವು ಮನೆಯಲ್ಲಿ ಅದಕ್ಕೆ ಕೈ ಅಂದೆವು. ಖಾಲಿ ಕೈ ಇರುವ ಇಬ್ಬರು ಪಕ್ಕಪಕ್ಕ ಬಂದರೆ ಸಾಕು, ಕೇಳದೆ ಕೈ ಹಿಡಿದುಬಿಡುತ್ತಾರೆ. ಯಾರ ಕೈಯೂ ಖಾಲಿ ಉಳಿಯಬಾರದು, ಎಲ್ಲರೂ ಒಂದೇ ಗುಂಪಾಗಬೇಕು. ನಿಯಮ ಅಷ್ಟೇ.

ಆ "ಕೇಳದೆ" ಅನ್ನುವುದರಲ್ಲೇ ಎಲ್ಲ ಪೇಚಾಟ. ಒಂದು ಹಂತದಲ್ಲಿ ನಾನು ಹೈಡ್ರೋಜನ್. ಆಕ್ಸಿಜನ್ ಕಡೆ ಹೊರಟವನು ಅಡ್ಡದಾರಿಯಲ್ಲಿ ಇನ್ನೊಂದು ಹೈಡ್ರೋಜನ್ ಪಕ್ಕ ಒಂದೇ ಒಂದು ಮನೆ ನಿಂತೆ. ಮುಗಿಯಿತು. ಇಬ್ಬರ ಒಂದೊಂದು ಕೈಯೂ ಒಬ್ಬರನ್ನೊಬ್ಬರು ಹಿಡಿದುಕೊಂಡವು. ಆಕ್ಸಿಜನ್ ಎರಡು ಕೈ ಚಾಚಿಕೊಂಡು ಹಾಗೇ ನಿಂತಿತ್ತು. ಹಿಂದಕ್ಕೆ ಹೋಗುವ ಗುಂಡಿ ಒತ್ತುವುದು ಬಿಟ್ಟು ದಾರಿಯಿಲ್ಲ. ಹೈಡ್ರೋಜನ್ ಅನಿಲ ಯಾಕೆ ಜೋಡಿ ಜೋಡಿಯಾಗೇ ಇರುತ್ತದೆ ಅಂತ ಇದಕ್ಕಿಂತ ಚೆನ್ನಾಗಿ ನನಗೆ ಯಾರೂ ಹೇಳಿರಲಿಲ್ಲ.

ಗುಂಪು ದೊಡ್ಡದಾದ ಹಾಗೆ ಒಟ್ಟಿಗೇ ಚಲಿಸುತ್ತದೆ. ಬಾಡಿಗೆ ಮನೆಯ ಕಿರಿದಾದ ಬಾಗಿಲಲ್ಲಿ ಮಂಚ ಸಾಗಿಸಿದ ಅನುಭವ ಇದ್ದವರಿಗೆ ಬೇರೆ ವಿವರಣೆ ಬೇಡ. ಮೊದಲು ಯಾರನ್ನು ಹಿಡಿಯಬೇಕು, ಯಾರನ್ನು ಬಾಗಿಲಾಚೆ ಹೋದ ಮೇಲೆ ಹಿಡಿಯಬೇಕು ಅನ್ನುವುದೇ ಒಗಟು. ಮಧ್ಯೆ ಹೀಲಿಯಂ ಬರುತ್ತದೆ, ಚುಕ್ಕಿಯೇ ಇಲ್ಲ. ಕೈಕಟ್ಟಿ ನಿಂತ ನೆಂಟನ ಹಾಗೆ, ಯಾರ ಜೊತೆಗೂ ಸೇರದೆ ದಾರಿಗೆ ಅಡ್ಡ. ಇನ್ನೂ ಮುಂದೆ ಬಂಧ ಕತ್ತರಿಸುವ ಗುರುತು, ಬಂಧವನ್ನು ಜೋಡಿ ಮಾಡುವ ಗುರುತು ಬರುತ್ತವೆ. ಆಗ ತಲೆ ಬಿಸಿಯಾಗುತ್ತದೆ.

ಮಗಳಿಗೆ ಇದೇ ಹಿಡಿಸಿತು. ಒಂದು ಸಂಜೆ ನೋಟ್‌ಬುಕ್ಕಿನಲ್ಲಿ ಈಥೇನ್ ರಚನೆ ಬರೆಯುತ್ತಿದ್ದಳು. ಪೆನ್ಸಿಲ್ ನಿಲ್ಲಿಸಿ, "ಈ ಕಾರ್ಬನ್‌ಗೆ ಇನ್ನೊಂದು ಕೈ ಖಾಲಿ ಇದೆ" ಅಂತ ತನ್ನಷ್ಟಕ್ಕೆ ಹೇಳಿಕೊಂಡು ಬಿಟ್ಟುಹೋಗಿದ್ದ ಹೈಡ್ರೋಜನ್ ಸೇರಿಸಿದಳು. ಪುಸ್ತಕದಲ್ಲಿ ಅದಕ್ಕೆ ಸಹವೇಲೆನ್ಸೀಯ ಬಂಧ ಅಂತ ಹೆಸರು. ಕೈ ಅನ್ನುವುದು ಒಂದೇ ಅಕ್ಷರ.

ಕಲಿಕೆಯ ಲೆಕ್ಕದಲ್ಲಿ ಹಾಗಾಗಿ ಸೊಕೊಬಾಂಡ್ ಮುಂದೆ, ಅನುಮಾನ ಬೇಡ. ಕೆ-ಅಟಾಮಿಕ್‌ನಲ್ಲಿ ಆಕಾರ ತಿಳಿಯುತ್ತದೆ, ಆದರೆ ಬಂಧ ಯಾಕೆ ಆಗುತ್ತದೆ ಅನ್ನುವುದು ಬೇಕಾಗುವುದಿಲ್ಲ. ಚಿತ್ರ ನೋಡಿ ಇಟ್ಟಿಗೆ ಜೋಡಿಸಿದಂತೆಯೂ ಆಡಬಹುದು. ಆದರೆ ಸೊಕೊಬಾಂಡನ್ನು ದಣಿದು ಬಂದ ದಿನ ತೆರೆಯಲಾಗದು. ಒಂದು ಹೆಜ್ಜೆ ತಪ್ಪಿದರೆ ಎಲ್ಲ ತಪ್ಪು. ಒಂದು ಹಂತಕ್ಕೆ ನಾಲ್ಕು ದಿನ ತೆಗೆದುಕೊಂಡು ಕೊನೆಗೆ ಅವಳೇ ಬಿಡಿಸಿದಳು.

ಇನ್ನು ಮೂರನೆಯದು, ಸಿಗ್ಮರ್ಸ್ ಗಾರ್ಡನ್. ನಿಜ ಹೇಳಬೇಕೆಂದರೆ ಇದು ರಸಾಯನವೇ ಅಲ್ಲ, ರಸವಿದ್ಯೆ, ಅಂದರೆ ಸೀಸದಂಥ ಲೋಹವನ್ನು ಚಿನ್ನ ಮಾಡಲು ಹೊರಟಿದ್ದ ಹಳೇ ವಿದ್ಯೆ. ಜ್ಯಾಕ್‌ಟ್ರಾನಿಕ್ಸ್‌ನವರ 2017ರ ಓಪಸ್ ಮ್ಯಾಗ್ನಮ್ ಎಂಬ ದೊಡ್ಡ ಆಟದೊಳಗೆ ಅಡಗಿರುವ ಒಂದು ಪುಟ್ಟ ಆಟ. ದೊಡ್ಡ ಆಟವನ್ನು ನಾನು ಅರ್ಧಕ್ಕೇ ಬಿಟ್ಟೆ. ಚಿಕ್ಕದು ಬಿಡಲಾಗುತ್ತಿಲ್ಲ.

ಜೇನುಗೂಡಿನ ಹಾಗೆ ಆರು ಮೂಲೆಯ ಮನೆಗಳು, ಅದರಲ್ಲಿ 55 ಗೋಲಿ. ಬೆಂಕಿ, ನೀರು, ಗಾಳಿ, ಭೂಮಿ ತಲಾ ಎಂಟು. ಉಪ್ಪು ನಾಲ್ಕು. ಜೀವ ನಾಲ್ಕು, ಸಾವು ನಾಲ್ಕು. ಪಾದರಸ ಐದು. ಸೀಸ, ತವರ, ಕಬ್ಬಿಣ, ತಾಮ್ರ, ಬೆಳ್ಳಿ, ಚಿನ್ನ ಒಂದೊಂದು. ಜೋಡಿ ಹುಡುಕಿ ಗೋಲಿಗಳನ್ನೆಲ್ಲ ತೆಗೆಯಬೇಕು. ಬೆಂಕಿಗೆ ಬೆಂಕಿ, ನೀರಿಗೆ ನೀರು ಜೋಡಿ. ಜೀವಕ್ಕೆ ಸಾವೇ ಜೋಡಿ. ಉಪ್ಪು ಈ ನಾಲ್ಕು ಭೂತಗಳಲ್ಲಿ ಯಾರ ಜೊತೆಗಾದರೂ ಹೋಗುತ್ತದೆ, ಇನ್ನೊಂದು ಉಪ್ಪಿನ ಜೊತೆಗೂ. ಪಾದರಸ ಲೋಹಗಳನ್ನು ಮೇಲೆ ಹೇಳಿದ ಸಾಲಿನಲ್ಲೇ ಒಂದೊಂದಾಗಿ ಕರೆದೊಯ್ಯುತ್ತದೆ, ಚಿನ್ನ ಕೊನೆಗೆ ಒಂಟಿಯಾಗಿ ಹೋಗುತ್ತದೆ. ಸುತ್ತಲಿನ ಆರು ಮನೆಯಲ್ಲಿ ಒತ್ತಿಗೊತ್ತಿಗೆ ಮೂರು ಖಾಲಿಯಾದರೆ ಮಾತ್ರ ಗೋಲಿ ತೆಗೆಯಬಹುದು. ಒಟ್ಟು 28 ಹೆಜ್ಜೆ.

ಲೋಹಗಳ ಮೇಲೆ ಗ್ರಹಗಳ ಹಳೇ ಗುರುತುಗಳಿವೆ. ಇಲ್ಲೇ ನಾನು ಎಡವಿದ್ದು. ನಮ್ಮಲ್ಲಿ ಶನಿ ಅಂದರೆ ಕಬ್ಬಿಣ. ಯುರೋಪಿನ ರಸವಾದಿಗಳಿಗೆ ಶನಿ ಸೀಸ, ಕಬ್ಬಿಣ ಮಂಗಳನದ್ದು. ಎರಡು ದಿನ ಶನಿಯನ್ನು ಮೂರನೆಯವನು ಅಂದುಕೊಂಡು ಕೂತಿದ್ದೆ, ಅವನು ಮೊದಲನೆಯವನು. ಪಾದರಸದ ವಿಷಯದಲ್ಲಿ ಆಟವೂ ಸ್ವಲ್ಪ ಎಡವಿದೆ. ಪಾದರಸ ಚಿನ್ನ, ಬೆಳ್ಳಿ, ತವರ, ಸೀಸವನ್ನು ನಿಜಕ್ಕೂ ಕರಗಿಸಿಕೊಳ್ಳುತ್ತದೆ, ಕಬ್ಬಿಣವನ್ನು ಮಾತ್ರ ಮುಟ್ಟುವುದಿಲ್ಲ. ಅದಕ್ಕೇ ಅದನ್ನು 34.5 ಕಿಲೋ ಪಾದರಸ ಹಿಡಿಸುವ ಕಬ್ಬಿಣದ ಬುಡ್ಡಿಗಳಲ್ಲಿ ಸಾಗಿಸುತ್ತಿದ್ದದ್ದು. ಅಂದ ಹಾಗೆ, ನಾವು ರಸಾಯನ ಅನ್ನುವಾಗಿನ ಆ "ರಸ"ಕ್ಕೆ ಪಾದರಸ ಅಂತಲೂ ಅರ್ಥವಿದೆ.

ಇಷ್ಟು ಸುಳ್ಳಿದ್ದರೂ ಬುಡ್ಡಿಯ ಆಟದ ಹಾಗೆ ಇದು ಟೊಳ್ಳು ಅನಿಸುವುದಿಲ್ಲ. ಉಪ್ಪು ತೆಗೆದು ಅಲ್ಲಿ ಮಾವಿನಹಣ್ಣು ಇಡಲಾಗದು. ಯಾರು ಯಾರ ಜೊತೆ ಸೇರುತ್ತಾರೆ ಅನ್ನುವುದು ಅವರವರ ಗುಣದಿಂದ ಬಂದಿದೆ. ಅದರಲ್ಲೂ ಉಪ್ಪು. ಎಲ್ಲರಿಗೂ ಹೊಂದುತ್ತದೆ ಅಂತ ಮೊದಮೊದಲು ಸಿಕ್ಕಸಿಕ್ಕಲ್ಲಿ ಬಳಸಿದೆ. ಒಂದು ರಾತ್ರಿ ಒಂದು ಉಪ್ಪನ್ನು ಬೆಂಕಿಗೆ, ಒಂದನ್ನು ನೀರಿಗೆ ಕೊಟ್ಟೆ, ಉಳಿದ ಎರಡನ್ನು ಜೋಡಿಸಿ ತೆಗೆದೆ. ಚಿನ್ನವೂ ಹೋಯಿತು. ಕೊನೆಗೆ ಮೇಜಿನ ಮೇಲೆ ಒಂದು ಬೆಂಕಿ, ಒಂದು ನೀರು. ಎಣ್ಣೆ ಸೀಗೇಕಾಯಿ. ಎಂಟರಲ್ಲಿ ಒಂದು ಉಪ್ಪಿಗೆ ಹೋದರೆ ಉಳಿಯುವುದು ಏಳು, ಏಳು ಜೋಡಿಯಾಗದು. ಉಪ್ಪು ಕೊಟ್ಟ ಕಡೆ ಇನ್ನೊಂದು ಉಪ್ಪನ್ನೂ ಕೊಡಬೇಕು. ಈ ಲೆಕ್ಕ ಹೊಳೆಯಲು ನನಗೆ ಒಂದು ವಾರ ಬೇಕಾಯಿತು.

ಮಕ್ಕಳಿಗೆ ಪಾಠದ ಜೊತೆ ಆಡಲು ಬೇಕಾದರೆ ಸೊಕೊಬಾಂಡ್ ಕೊಡಿಸಿ. ದುಡ್ಡು ಖರ್ಚು ಮಾಡುವುದಿಲ್ಲ, ಹಳೇ ಲ್ಯಾಪ್‌ಟಾಪ್ ಇದೆ ಅನ್ನುವವರಿಗೆ ಕೆ-ಅಟಾಮಿಕ್, ತಿಂಗಳುಗಟ್ಟಲೆ ಸಾಕಾಗುತ್ತದೆ. ನಾನು ಮಾತ್ರ ರಾತ್ರಿ ಊಟ ಆದ ಮೇಲೆ ತೆರೆಯುವುದು ಆ ಸುಳ್ಳು ರಸಾಯನದ ಗೋಲಿಗಳನ್ನೇ. ನಿನ್ನೆ ಕೊನೆಗೆ ಒಂದು ಗಾಳಿ, ಒಂದು ಭೂಮಿ ಉಳಿದವು. ಎಲ್ಲಿ ಉಪ್ಪು ತಪ್ಪಿ ಹಾಕಿದೆ ಅಂತ ಹುಡುಕುತ್ತಾ ಕೂತವನಿಗೆ ಒಳಗಿಂದ, "ಲೈಟ್ ಆರಿಸ್ತೀರಾ, ನಾನೇ ಬರಲಾ?" ಅಂತ ಕೇಳಿಸಿತು. ಒಂದೇ ಒಂದು ಆಟ ಅಂದೆ.