ಕಡಗಂಚಿಯೋ, ಜ್ಞಾನಗಂಗೆಯೋ: ಎರಡೂ ಕಡೆ ಓದಿದವಳ ಹೋಲಿಕೆ

ಎಂ.ಎ. ಅರ್ಥಶಾಸ್ತ್ರಕ್ಕೆ ನಾನು ಎರಡು ಸಲ ಪ್ರವೇಶ ಪಡೆದವಳು. ಮೊದಲು ಕಲಬುರಗಿಯ ಆಳಂದ ರಸ್ತೆಯ ಕಡಗಂಚಿಯಲ್ಲಿರುವ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಸೇರಿ, ಒಂದು ಸೆಮಿಸ್ಟರ್ ಮುಗಿಸಿ, ಅವ್ವನ ಆರೋಗ್ಯ ಕೆಟ್ಟಿದ್ದರಿಂದ ಊರಿಗೆ ಮರಳಿದೆ. ಮರುವರ್ಷ ಸೇಡಂ ರಸ್ತೆಯ ಗುಲಬರ್ಗಾ ವಿಶ್ವವಿದ್ಯಾಲಯಕ್ಕೆ ಸೇರಿದೆ; ಅದರ ಆವರಣದ ಹೆಸರೇ ಜ್ಞಾನಗಂಗೆ. ಮೊದಲನೆಯದು 2009ರಲ್ಲಿ, ಎರಡನೆಯದು 1980ರಲ್ಲಿ ಸ್ಥಾಪನೆಯಾದವು. ಎರಡೂ ನೂರಾರು ಎಕರೆಗಳಲ್ಲಿ ಹರಡಿವೆ. ಬೇಸಿಗೆಯಲ್ಲಿ ವಿಭಾಗದಿಂದ ಗ್ರಂಥಾಲಯಕ್ಕೆ ನಡೆದುಹೋಗುವಾಗ ಎರಡರ ಬಿಸಿಲಿಗೂ ಏನೂ ಭೇದವಿಲ್ಲ.

ಭೇದ ಆರಂಭವಾಗುವುದು ಅರ್ಜಿಯಲ್ಲಿ. ಕೇಂದ್ರೀಯ ವಿಶ್ವವಿದ್ಯಾಲಯಕ್ಕೆ ಸಿಯುಇಟಿ ಎಂಬ ರಾಷ್ಟ್ರಮಟ್ಟದ ಸಾಮಾನ್ಯ ಪ್ರವೇಶ ಪರೀಕ್ಷೆ ಬರೆಯಬೇಕು. ನನ್ನ ವರ್ಷ, ಅಂದರೆ 2024ರಲ್ಲಿ, ಪರೀಕ್ಷೆ ಮಾರ್ಚ್‌ನಲ್ಲಿತ್ತು. ಪದವಿಯ ಕೊನೆಯ ಸೆಮಿಸ್ಟರಿನ ಪಾಠವೇ ಮುಗಿದಿರದಿದ್ದಾಗ ಅರ್ಜಿಯ ಅವಧಿ ಮುಗಿದುಹೋಗಿತ್ತು. 75 ಪ್ರಶ್ನೆಗಳು, ಸರಿ ಉತ್ತರಕ್ಕೆ 4 ಅಂಕ, ತಪ್ಪಿಗೆ ಒಂದು ಅಂಕ ಕಡಿತ. ಪದವಿ ಪ್ರವೇಶದ ಸಿಯುಇಟಿಯನ್ನು ಕನ್ನಡವೂ ಸೇರಿ 13 ಭಾಷೆಗಳಲ್ಲಿ ಬರೆಯಬಹುದು, ಆದರೆ ಸ್ನಾತಕೋತ್ತರ ಅರ್ಥಶಾಸ್ತ್ರದ ಪ್ರಶ್ನೆಗಳು ಇಂಗ್ಲಿಷ್ ಮತ್ತು ಹಿಂದಿಯಲ್ಲಷ್ಟೇ ಇರುತ್ತವೆ. ಕನ್ನಡ ಮಾಧ್ಯಮದಲ್ಲಿ ಬಿ.ಎ. ಮುಗಿಸಿದ ನನಗೆ ಅರ್ಧ ತಯಾರಿ ಪಾರಿಭಾಷಿಕ ಪದಗಳಿಗೇ ಹೋಯಿತು. ಫಲಿತಾಂಶ ಬಂದ ಮೇಲೆ ವಿಶ್ವವಿದ್ಯಾಲಯದ ಜಾಲತಾಣದಲ್ಲಿ ಬೇರೆಯಾಗಿ ನೋಂದಾಯಿಸಿಕೊಳ್ಳಬೇಕು ಎಂಬುದು ಹಲವರಿಗೆ ತಿಳಿದಿರುವುದಿಲ್ಲ.

ಕಾಗದಪತ್ರಗಳಲ್ಲಿ ಎಡವಿದ್ದು ನಾನೇ. ನಾಡಕಚೇರಿಯಿಂದ ತಂದ, ರಾಜ್ಯದ ಹಿಂದುಳಿದ ವರ್ಗಗಳ ಪಟ್ಟಿಯ 2ಎ ಪ್ರವರ್ಗದ ಜಾತಿ-ಆದಾಯ ಪ್ರಮಾಣಪತ್ರವೇ ಸಾಕು ಎಂದುಕೊಂಡಿದ್ದೆ. ಕೇಂದ್ರದ ಶೇ. 27ರ ಒಬಿಸಿ (ಇತರೆ ಹಿಂದುಳಿದ ವರ್ಗ) ಮೀಸಲಾತಿಗೆ ಬೇರೆ ನಮೂನೆಯ, ಕೆನೆಪದರಕ್ಕೆ (ಹಿಂದುಳಿದ ವರ್ಗದೊಳಗಿನ ಸ್ಥಿತಿವಂತರ ಗುಂಪಿಗೆ) ಸೇರಿಲ್ಲವೆಂದು ದೃಢೀಕರಿಸುವ ಪತ್ರ ಬೇಕು. ಅದಕ್ಕಾಗಿ ಎರಡು ವಾರ ಓಡಾಡಿದೆ. ಪದವಿ ಗುಲಬರ್ಗಾ ವಿಶ್ವವಿದ್ಯಾಲಯದ್ದೇ ಆದ್ದರಿಂದ ಕಡಗಂಚಿಗೆ ವಲಸೆ ಪ್ರಮಾಣಪತ್ರವನ್ನೂ ಒದಗಿಸಬೇಕಾಯಿತು. ಗುಲಬರ್ಗಾ ವಿಶ್ವವಿದ್ಯಾಲಯಕ್ಕೆ ಸೇರುವಾಗ ಮುಖ್ಯವಾದದ್ದು ಸಹಾಯಕ ಆಯುಕ್ತರ ಕಚೇರಿಯಿಂದ ಪಡೆಯುವ, ಸಂವಿಧಾನದ 371(ಜೆ) ವಿಧಿಯಡಿಯ ಅರ್ಹತಾ ಪ್ರಮಾಣಪತ್ರ. ಕಲ್ಯಾಣ ಕರ್ನಾಟಕದ ಸಂಸ್ಥೆಗಳಲ್ಲಿ ಸ್ಥಳೀಯರಿಗೆ ಶೇ. 70ರಷ್ಟು ಸೀಟು ಮೀಸಲಿರುವುದರಿಂದ ಆ ಒಂದು ಹಾಳೆಯ ಬೆಲೆ ಅಂಕಪಟ್ಟಿಗಿಂತ ಕಡಿಮೆಯೇನಲ್ಲ.

ದಿನನಿತ್ಯದ ಬದುಕಿನ ಮಾತಿಗೆ ಬಂದರೆ, ಕಡಗಂಚಿಯಲ್ಲಿ ವಸತಿನಿಲಯದಲ್ಲಿರದೆ ನನಗೆ ಬೇರೆ ದಾರಿ ಇರಲಿಲ್ಲ. ಕೋಣೆಯ ಸಂಗಾತಿಗಳು ಕೇರಳ ಮತ್ತು ಒಡಿಶಾದವರು. ಅವರೊಡನೆ ಹರಕು ಇಂಗ್ಲಿಷಿನಲ್ಲಿ ಜಗಳವಾಡುತ್ತಲೇ ನನ್ನ ಇಂಗ್ಲಿಷ್ ಸುಧಾರಿಸಿತು ಎಂಬುದನ್ನು ಒಪ್ಪಿಕೊಳ್ಳಬೇಕು. ರಾತ್ರಿ ಓದಲು ಅಂತಹ ನಿಶ್ಶಬ್ದ ನನಗೆ ಮತ್ತೆಲ್ಲೂ ಸಿಕ್ಕಿಲ್ಲ. ಮೆಸ್ಸಿನ ಊಟ ಎಲ್ಲ ರಾಜ್ಯದವರ ಬಾಯಿಗೂ ಹೊಂದುವಂತಿತ್ತು, ಅಂದರೆ ಯಾರ ಬಾಯಿಗೂ ಪೂರ್ತಿ ಹೊಂದುತ್ತಿರಲಿಲ್ಲ. ಊರಿನಿಂದ ಒಯ್ದ ಕಟಕ ರೊಟ್ಟಿ, ಶೇಂಗಾ ಹಿಂಡಿ ವಾರದೊಳಗೆ ಖಾಲಿಯಾಗುತ್ತಿದ್ದವು. ಗುಲಬರ್ಗಾ ವಿಶ್ವವಿದ್ಯಾಲಯ ನಮ್ಮೂರ ದಿಕ್ಕಿನ ರಸ್ತೆಯಲ್ಲೇ ಇರುವುದರಿಂದ ಮನೆಯಿಂದಲೇ ಬಸ್ಸಿನಲ್ಲಿ ಹೋಗಿ ಬರುತ್ತೇನೆ. ಶಕ್ತಿ ಯೋಜನೆಯಿಂದಾಗಿ ಟಿಕೆಟ್ಟಿಗೆ ಹಣ ಬೇಕಿಲ್ಲ, ಆದರೆ ದಿನಕ್ಕೆ ಮೂರು ತಾಸು ರಸ್ತೆಯಲ್ಲೇ ಕಳೆಯುತ್ತದೆ. ಪಾಠದ ನಡುವೆ ಸಂದೇಹವನ್ನು ಕನ್ನಡದಲ್ಲೇ ಕೇಳಬಹುದು. ಬೇಡಿಕೆಯ ಸ್ಥಿತಿಸ್ಥಾಪಕತ್ವ, ಅಂದರೆ ಬೆಲೆ ಬದಲಾದಾಗ ಬೇಡಿಕೆ ಎಷ್ಟು ಬದಲಾಗುತ್ತದೆ ಎಂಬುದು, ನನಗೆ ನಿಜವಾಗಿ ಅರ್ಥವಾದದ್ದು ಇಲ್ಲಿ, ತೊಗರಿ ಬೆಲೆಯ ಉದಾಹರಣೆಯಿಂದ.

ಮುಂದೆ ಸಹಾಯಕ ಪ್ರಾಧ್ಯಾಪಕ ಹುದ್ದೆಯ ಅರ್ಹತಾ ಪರೀಕ್ಷೆಯಾದ ನೆಟ್ ಬರೆಯುವವರು ಅದರ ಅರ್ಥಶಾಸ್ತ್ರ ಪತ್ರಿಕೆಯೂ ಇಂಗ್ಲಿಷ್-ಹಿಂದಿಯಲ್ಲೇ ಇರುತ್ತದೆಂಬುದನ್ನು ನೆನಪಿಡಬೇಕು. ಆ ದೃಷ್ಟಿಯಿಂದ ನನ್ನ ಒಲವು ಇಂದಿಗೂ ಕಡಗಂಚಿಯ ಕಡೆಗೆ. ತಂಗಿ ಈಗ ಬಿ.ಎ. ಕೊನೆಯ ವರ್ಷದಲ್ಲಿದ್ದಾಳೆ. ಅವಳ ಎರಡೂ ನಮೂನೆಯ ಜಾತಿ ಪ್ರಮಾಣಪತ್ರಗಳಿಗೆ ದೀಪಾವಳಿಗೆ ಮೊದಲೇ ಅರ್ಜಿ ಹಾಕಿಸಿದ್ದೇನೆ.